ಹಾಗಲಕಾಯಿಗೆ ಅಂಗಿ ಹೊಲಿದ ಮಳೆಗಾಲ

ಆಗಸ್ಟ್ ಮೊದಲ ಭಾನುವಾರ ನಮ್ಮ ತಾರಸಿಯ ಮೊದಲ ಹಾಗಲಕಾಯಿ ಕೊಯ್ದೆ. ಒಂದು ಗೇಣುದ್ದ, ಎಳೆ ಹಸಿರು. ಒಂದು ಕಡೆ ಸ್ವಲ್ಪ ಸೊಟ್ಟಗಿತ್ತು, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆ ಗೊಜ್ಜಿಗೆ ಹುಣಸೆಹಣ್ಣು ನೆನೆಹಾಕಿ ಕೂತಿದ್ದರು. ಈಳಿಗೆಮಣೆ ಮೇಲೆ ಎರಡು ಹೋಳು ಮಾಡಿದರು ನೋಡಿ, ಒಳಗೆ ತಿರುಳೇ ಇಲ್ಲ. ಅಕ್ಕಿಕಾಳಿನಂಥ ಬಿಳಿ ಹುಳುಗಳು ಮಿಜಿಮಿಜಿ ಅನ್ನುತ್ತಿದ್ದವು. ಒಂದಂತೂ ಬಿಲ್ಲಿನ ಹಾಗೆ ಬಾಗಿ ಪಟ್ಟಂತ ನೆಗೆದು ಅತ್ತೆಯ ಮಡಿಲಿಗೇ ಬಿತ್ತು.

"ಇದಕ್ಕೇನಾ ನೀನು ಎರಡು ತಿಂಗಳಿಂದ ಮೆಟ್ಟಿಲು ಹತ್ತಿ ಇಳಿದಿದ್ದು?" ಅಂದರು.

ಆ ಕಾಯಿಯನ್ನು ತೆಗೆದುಕೊಂಡು ಹೋಗಿ ಕಾಂಪೋಸ್ಟ್ ಡಬ್ಬಕ್ಕೆ ಹಾಕಿದೆ. ಅದು ಎಂಥ ಪೆದ್ದ ಕೆಲಸ ಅಂತ ಗೊತ್ತಾಗಲು ಇನ್ನೂ ಮೂರು ವಾರ ಬೇಕಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತೋಟದ ವಿಷಯ. ನಮ್ಮದು ಮೈಸೂರಿನ ಕುವೆಂಪುನಗರ. ತಾರಸಿ 20 ಅಡಿಗೆ 25 ಅಡಿ. ನೀರಿನ ಟ್ಯಾಂಕು, ಸೋಲಾರು, ಬಟ್ಟೆ ಒಣಗಿಸುವ ತಂತಿ ಕಳೆದು ಉಳಿದ ಜಾಗ ನನ್ನದು. 15 ಇಂಚಿನ ಗ್ರೋಬ್ಯಾಗು 22, ಹಳೇ ಪೇಂಟ್ ಬಕೆಟ್ಟು ನಾಲ್ಕು, ಸೊಪ್ಪಿಗೆ ಅಂತ ಮೀನಿನ ಅಂಗಡಿಯವರು ಎಸೆದಿದ್ದ ಥರ್ಮಾಕೋಲ್ ಪೆಟ್ಟಿಗೆ ಆರು. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಸಮ ಹಾಕಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿದ್ದೆ. ಹಾಗಲ, ಈರನಗೆರೆ ಬದನೆ, ಟೊಮೆಟೊ, ಮೆಣಸಿನಕಾಯಿ, ಅಲಸಂದೆ ಇತ್ತು. ಸೊಪ್ಪಿನಲ್ಲಿ ಪಾಲಕ್, ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ. ಟ್ಯಾಂಕಿನ ನೆರಳಲ್ಲಿ ಪುದೀನ, ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು. ದೊಡ್ಡಪತ್ರೆಯ ಬಗ್ಗೆ ಮತ್ತೆ ಬರೆಯುವುದಿಲ್ಲ. ಅದರ ತಂಟೆಗೆ ಯಾವ ಹುಳುವೂ ಬರಲಿಲ್ಲ, ಅಷ್ಟೇ.

ಪಾಲಕ್ ತಿಂದವರು ಯಾರು

ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತ ಗಾದೆ. ಈ ಸಲ ಮೈಸೂರಲ್ಲಿ ಅದು ಆರಿ ಆರಿ ಹುಯ್ಯಿತು. ಜಿಟಿಜಿಟಿ, ಮಧ್ಯಾಹ್ನ ಬಿಸಿಲು, ಸಂಜೆ ಮತ್ತೆ ಜಿಟಿಜಿಟಿ. ಜೂನ್ ಕೊನೆಗೆ ಪಾಲಕ್ ಸೊಪ್ಪು ನಾಲ್ಕು ಬೆರಳೆತ್ತರ ಬಂದಿತ್ತು. ಒಂದು ಬೆಳಿಗ್ಗೆ ನೋಡಿದರೆ ಎಲೆಯೆಲ್ಲ ಜಾಲರಿ.

ಹುಳು ತಿಂದಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ ಸುರಿದು, ಬಾಟಲಿ ಅಲ್ಲಾಡಿಸಿ, ಬೆಳಿಗ್ಗೆ ಹನ್ನೊಂದು ಗಂಟೆಗೆ ಸಿಂಪಡಿಸಿದೆ. ಇದರಲ್ಲಿ ಮೂರು ತಪ್ಪಿದೆ. ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಹಾಗಾಗಿ ಮೊದಲು ಬಂದದ್ದು ಬರೀ ನೀರು, ಕೊನೆಗೆ ಬರೀ ಎಣ್ಣೆ. ಬಿಸಿಲಲ್ಲಿ ಎಣ್ಣೆ ಬಿದ್ದ ಎಲೆ ಹಪ್ಪಳ ಸುಟ್ಟ ಹಾಗೆ ಅಂಚಲ್ಲಿ ಕಂದಿತು. ಮೂರನೆಯ ತಪ್ಪು ದೊಡ್ಡದು. ಯಾರು ತಿಂದರು ಅಂತ ನಾನು ನೋಡಿಯೇ ಇರಲಿಲ್ಲ.

ಮಗಳು ಆರನೇ ಕ್ಲಾಸು. ಅವಳೇ ಹೇಳಿದ್ದು, "ಅಮ್ಮ, ಹಗಲು ಹುಳ ಕಾಣ್ತಿಲ್ಲ ಅಂದ್ರೆ ರಾತ್ರಿ ಬರ್ತಿರಬೇಕು ಅಲ್ವಾ?" ರಾತ್ರಿ ಒಂಬತ್ತೂವರೆಗೆ ಮೊಬೈಲ್ ಟಾರ್ಚ್ ಹಿಡಿದು ಇಬ್ಬರೂ ಹತ್ತಿದೆವು. ಥರ್ಮಾಕೋಲ್ ಪೆಟ್ಟಿಗೆಯ ಅಂಚಿನ ಮೇಲೆ ಏಳು ಬಸವನಹುಳು ಸಾಲಾಗಿ ಹೊರಟಿದ್ದವು. ದಿಬ್ಬಣದವರ ಹಾಗೆ. ದೊಡ್ಡದು ನನ್ನ ಹೆಬ್ಬೆರಳಿಗಿಂತ ಉದ್ದ, ಚಿಪ್ಪಿನ ಮೇಲೆ ಕಂದು ಪಟ್ಟೆ. ಇವು ಆಫ್ರಿಕಾ ಮೂಲದ ದೈತ್ಯ ಬಸವನಹುಳು. ಪಕ್ಕದ ಖಾಲಿ ಸೈಟಿನಿಂದ ಗೋಡೆ ಹತ್ತಿ ಬರುತ್ತಿದ್ದವು, ಗೋಡೆ ಮೇಲೆ ಒಣಗಿದ ಅಂಟಿನ ಗೆರೆ ಬೆಳಿಗ್ಗೆ ಹೊಳೆಯುತ್ತಿತ್ತು. ಆ ಗೆರೆಯನ್ನು ನಾನು ವಾರದಿಂದ ನೋಡುತ್ತಲೇ ಇದ್ದೆ. ಸುಣ್ಣ ಇಳಿದಿದೆ ಅಂದುಕೊಂಡಿದ್ದೆ!

ಬೇವಿನ ಎಣ್ಣೆ ಇವುಗಳ ಕೂದಲೂ ಕೊಂಕಿಸುವುದಿಲ್ಲ. ಮಾಡಿದ್ದು ಇಷ್ಟು. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರ ಕೆಳಗೆ ಪಪ್ಪಾಯ ಎಲೆ ಮತ್ತು ಎಲೆಕೋಸಿನ ಹೊರಗಿನ ಎಲೆ ಇಟ್ಟೆ. ರಾತ್ರಿ ತಿಂದು, ಬೆಳಗಾದ ಮೇಲೆ ತಂಪಿಗೆ ಅಲ್ಲೇ ಅಡಗಿಕೊಳ್ಳುತ್ತವೆ. ಬೆಳಿಗ್ಗೆ ಚೀಲ ಎತ್ತಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು. ಬರಿಗೈಯಲ್ಲಿ ಮುಟ್ಟಬಾರದು. ಇವುಗಳ ಲೋಳೆಯಲ್ಲಿ ಮನುಷ್ಯರಿಗೂ ಕಾಯಿಲೆ ತರುವ ಪರೋಪಜೀವಿ ಇರಬಹುದು. ಸೊಪ್ಪನ್ನು ಚೆನ್ನಾಗಿ ತೊಳೆಯುವುದೂ ಅದಕ್ಕೇ. ಮೊದಲ ವಾರ 43 ಸಿಕ್ಕವು. ಮೂರನೇ ವಾರ ನಾಲ್ಕು. ಉಪ್ಪನ್ನು ಗಿಡದ ಬುಡಕ್ಕೆ ಸುರಿಯಿರಿ ಅಂತ ಕೆಲವರು ಹೇಳಿದರು. ಬೇಡ. ಹುಳುವಿನ ಜೊತೆ ಮಣ್ಣೂ ಕೆಡುತ್ತದೆ.

ಅವತ್ತಿಂದ ಒಂದು ಪದ್ಧತಿ ಇಟ್ಟುಕೊಂಡೆ. ಯಾವ ಎಲೆ ಹಾಳಾದರೂ ಹಗಲು ಒಂದು ಸಲ, ರಾತ್ರಿ ಒಂದು ಸಲ ನೋಡದೆ ಬಾಟಲಿ ಮುಟ್ಟುವ ಹಾಗಿಲ್ಲ.

ಪೈಪಿನ ಪೆಟ್ಟಿಗೆ

ಬಸವನಹುಳು ಮುಗಿದ ಮೇಲೆ ಸೊಪ್ಪಿಗೆ ಮಿಡತೆ ಬಂತು, ಆಮೇಲೆ ಹಸಿರು ಹುಳು. ಪ್ರತಿದಿನ ಆರಿಸುವುದು ಸಾಕಾಯಿತು. ಸೊಪ್ಪಿಗೆ ಹೂವು, ಕಾಯಿ, ಜೇನ್ನೊಣ ಏನೂ ಬೇಡ ತಾನೆ? ಪೂರ್ತಿ ಮುಚ್ಚಿಬಿಡೋಣ ಅನ್ನಿಸಿತು.

ಅಳತೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಒಂದರೊಳಗೆ ಮೂರು ಥರ್ಮಾಕೋಲ್ ಪೆಟ್ಟಿಗೆ ಕೂರುತ್ತದೆ. ಅರ್ಧ ಇಂಚಿನ ಪಿವಿಸಿ ಪೈಪು 20 ಅಡಿಯದ್ದು ಎರಡು ತಂದೆ. ಮೂಲೆಯಲ್ಲಿ ಮೂರು ಪೈಪು ಸೇರಬೇಕು, ಆದರೆ ಮೂರು ಬಾಯಿಯ ಮೂಲೆ ಜೋಡಣೆ ನಮ್ಮ ಕಡೆಯ ಪ್ಲಂಬಿಂಗ್ ಅಂಗಡಿಗಳಲ್ಲಿ ಸಿಗಲಿಲ್ಲ. ಸಂತೇಪೇಟೆಯಲ್ಲೂ ಕೇಳಿದೆ. ಎಂಟು ಎಲ್ಬೋ (ಮೊಣಕೈ ಥರದ ತಿರುವು), ಎಂಟು ಟೀ (T ಆಕಾರದ ಜೋಡಣೆ) ಕೊಡಿ ಅಂದಾಗ ಅಂಗಡಿಯವನು, "ಮೇಡಂ, ಎಷ್ಟು ಬಾತ್‌ರೂಮು?" ಅಂದ. ಪಾಲಕ್ ಸೊಪ್ಪಿಗೆ ಅಂದೆ. ಸುಮ್ನೆ ನಕ್ಕು ಬಿಲ್ ಹರಿದ.

ಎಲ್ಬೋ, ಟೀ ಎರಡರಲ್ಲೇ ಮೂಲೆ ಮಾಡುವುದು ಹೀಗೆ. ಕೆಳಗಿನ ಚೌಕಟ್ಟಿನ ನಾಲ್ಕು ಮೂಲೆಗೆ ಎಲ್ಬೋ. ಉದ್ದದ ಬದಿಯಲ್ಲಿ ಎಲ್ಬೋದಿಂದ ಎರಡು ಇಂಚಿನ ತುಂಡು, ಆಮೇಲೆ ಬಾಯಿ ಮೇಲೆ ಮಾಡಿದ ಟೀ, ಆಮೇಲೆ ಉದ್ದದ ಪೈಪು, ಮತ್ತೆ ಟೀ, ಮತ್ತೆ ಎರಡು ಇಂಚಿನ ತುಂಡು, ಎಲ್ಬೋ. ಕಂಬ ನಿಲ್ಲುವುದು ಟೀ ಬಾಯಿಯಲ್ಲಿ. ಮೇಲಿನ ಚೌಕಟ್ಟು ಇದರದ್ದೇ ತಲೆಕೆಳಗು. ಗರಗಸದ ಬ್ಲೇಡಿನಲ್ಲಿ ಕೊಯ್ದು, ಅಂಚನ್ನು ಚಾಕುವಿನಲ್ಲಿ ಸವರಿ, ಅಂಟು ಹಾಕದೆ ಬರೀ ಒತ್ತಿ ಕೂರಿಸಿದೆ. ಅಂಟು ಹಾಕದಿದ್ದರೆ ಬೇಸಿಗೆಯಲ್ಲಿ ಬಿಚ್ಚಿ ಅಟ್ಟಕ್ಕೆ ಹಾಕಬಹುದು. ಮೊದಲ ಗಾಳಿಗೇ ಒಂದು ಕಂಬ ಕಳಚಿಕೊಂಡಿತು. ಆ ಜಾಗಗಳಿಗೆ ಒಂದೊಂದು ಸ್ಕ್ರೂ ಬಿಟ್ಟೆ.

ಮೇಲೆ ಹಳೇ ಸೊಳ್ಳೆಪರದೆ. ಕೆಳಗೆ ಒಂದು ಅಡಿ ಜಾಸ್ತಿ ಬಿಟ್ಟು, ಸುತ್ತ ಮರಳು ತುಂಬಿದ ಹಾಲಿನ ಕವರ್‌ಗಳನ್ನು ಹೇರಿದೆ. ನೀರು ಹಾಕಲು ಒಂದು ಬದಿಯ ಪರದೆ ಎತ್ತಿ ಬಟ್ಟೆ ಕ್ಲಿಪ್ಪು ಹಾಕಿದರೆ ಆಯಿತು.

ಒಂದು ವಾರ ಬಿಟ್ಟು ನೋಡಿದರೆ ಒಳಗಿನ ಪಾಲಕ್ ಹೊರಗಿನದ್ದಕ್ಕಿಂತ ಕೆಟ್ಟದಾಗಿ ಹೋಗಿತ್ತು. ದಂಟಿನ ಬರೀ ಕಡ್ಡಿ ನಿಂತಿತ್ತು. ನನಗೆ ಅರ್ಥವೇ ಆಗಲಿಲ್ಲ. ಪರದೆಯಲ್ಲಿ ಎಲ್ಲಾದರೂ ತೂತಿದೆಯಾ ಅಂತ ಇಂಚಿಂಚು ಹುಡುಕಿದೆ. ಆಮೇಲೆ ಒಂದು ಎಲೆ ಮಗುಚಿದಾಗ ಹಿಂದೆ ಖಾಲಿ ಮೊಟ್ಟೆಯ ಗುಪ್ಪೆ ಕಾಣಿಸಿತು. ಪರದೆ ಹಾಕುವ ಹೊತ್ತಿಗೇ ಚಿಟ್ಟೆ ಮೊಟ್ಟೆ ಇಟ್ಟು ಹೋಗಿತ್ತು. ಹೊರಗಿದ್ದ ಹುಳುಗಳನ್ನು ಗುಬ್ಬಿಗಾತ್ರದ ಹಕ್ಕಿಗಳು ಬಂದು ಹೆಕ್ಕುತ್ತಿದ್ದವು. ಒಳಗಿದ್ದವಕ್ಕೆ ಹಕ್ಕಿಯೂ ಇಲ್ಲ, ಹುಳು ಹಿಡಿಯುವ ಕಣಜವೂ ಇಲ್ಲ. ನಾನು ಅವಕ್ಕೆ ಪರದೆ ಕಟ್ಟಿ ಮಲಗಿಸಿದ್ದೆ.

ಎರಡನೇ ಸಲ ಹಳೇ ಗಿಡ ಪೂರ್ತಿ ಕಿತ್ತೆ. ಮಣ್ಣನ್ನು ತಾರಸಿಯ ಮೇಲೆ ಹರಡಿ ನಾಲ್ಕು ದಿನ ಒಣಗಿಸಿದೆ. ಬೀಜ ಹಾಕಿದ ದಿನವೇ ಪರದೆ ಮುಚ್ಚಿದೆ. 28ನೇ ದಿನ ಕೊಯ್ದ ಮೆಂತ್ಯ ಸೊಪ್ಪಿನಲ್ಲಿ ಒಂದೇ ಒಂದು ತೂತಿರಲಿಲ್ಲ. ಆದರೆ ಸೊಳ್ಳೆಪರದೆಯ ಕಣ್ಣು ಬಿಳಿನೊಣಕ್ಕೆ, ಗಿಡದ ರಸ ಹೀರುವ ಹೇನಿಗೆ ದೊಡ್ಡದು. ಅವು ನುಗ್ಗುತ್ತವೆ. ಅವಕ್ಕೆ 40-50 ಮೆಶ್‌ನ, ಅಂದರೆ ಇಂಚಿಗೆ 40-50 ಕಣ್ಣಿನ ಕೀಟ ಪರದೆಯೇ ಬೇಕು. ಸೊಪ್ಪಿಗೆ ನನಗೆ ಅಷ್ಟು ಖರ್ಚು ಬೇಡ ಅನ್ನಿಸಿತು.

ಮೆಣಸಿನಗಿಡ, ಬದನೆ, ಟೊಮೆಟೊ

ಮೆಣಸಿನಗಿಡದ ಎಲೆ ಮುದುಡಿದರೆ ಎಲ್ಲರೂ ಮುಟುರು ರೋಗ ಅಂದುಬಿಡುತ್ತಾರೆ. ಯಾವ ಕಡೆಗೆ ಮುದುಡಿದೆ ಅಂತ ನೋಡಬೇಕು. ಅಂಚು ಮೇಲಕ್ಕೆ ಮಡಚಿ ದೋಣಿ ಥರ ಆಗಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ, ಎಲೆ ತೊಟ್ಟು ಉದ್ದವಾಗಿ ಎಲೆ ಸಣ್ಣಗಾಗಿದ್ದರೆ ಮೈಟ್ ನುಸಿ. ನನ್ನ ಐದು ಗಿಡದಲ್ಲಿ ಮೂರು ದೋಣಿ, ಒಂದು ತಲೆಕೆಳಗಾದ ದೋಣಿ. ಕುಡಿಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದೆ. ಪೆನ್ಸಿಲ್ ಗೀಟಿನ ಚೂರಿನಂಥವು ಬಿದ್ದು ಓಡಿದವು. ಅದು ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಕಾಣುವುದು ಕಷ್ಟ. ಅದು ಕೀಟವೂ ಅಲ್ಲ, ಜೇಡನ ಬಳಗ. ಆ ಒಂದು ಗಿಡಕ್ಕೆ ನೀರಲ್ಲಿ ಬೆರೆಯುವ ಗಂಧಕ ಲೀಟರಿಗೆ 3 ಗ್ರಾಂ ಹಾಕಿ ಸಂಜೆ ಹೊಡೆದೆ. ಗಂಧಕ ಹೊಡೆದ ಗಿಡಕ್ಕೆ ಎರಡು ವಾರ ಎಣ್ಣೆ ತೋರಿಸಬಾರದು, ಎಲೆ ಸುಡುತ್ತದೆ.

ಮಿಕ್ಕ ಮೂರಕ್ಕೆ ಬೇವಿನ ಎಣ್ಣೆ, ಈ ಸಲ ಸರಿಯಾಗಿ. ಐದಾರು ಅಂಟುವಾಳಕಾಯಿ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದ ರಸ. ಅದರಲ್ಲಿ ನಾಲ್ಕು ಚಮಚ ತೆಗೆದುಕೊಂಡು 5 ಮಿಲಿ ಬೇವಿನ ಎಣ್ಣೆ ಹಾಕಿ ನೊರೆ ಬರುವಂತೆ ಕಡೆಯುವುದು. ಆಮೇಲೆ ಸ್ವಲ್ಪ ಸ್ವಲ್ಪವೇ ಉಗುರುಬೆಚ್ಚಗಿನ ನೀರು, ಒಟ್ಟು ಒಂದು ಲೀಟರ್. ಹಾಲಿನ ಬಣ್ಣ ಬಂದು, ಮೇಲೆ ಎಣ್ಣೆ ಕಣ್ಣು ತೇಲದಿದ್ದರೆ ಹದ ಸರಿ. ಐದು ಗಂಟೆ ಮೇಲೆ, ಎಲೆಯ ಬೆನ್ನಿಗೆ ಹೊಡೆಯಬೇಕು. ಉಳಿದದ್ದು ನಾಳೆಗೆ ಬರುವುದಿಲ್ಲ. ಮತ್ತೆ ಒಂದು ವಿಷಯ, ಬೇವು ಹೊಡೆದ ತಕ್ಷಣ ಹುಳು ಸತ್ತು ಬೀಳುವುದಿಲ್ಲ. ತಿನ್ನುವುದು ನಿಲ್ಲುತ್ತದೆ, ಮರಿಗೆ ಪೊರೆ ಬಿಡಲು ಆಗುವುದಿಲ್ಲ. ಮಾರನೇ ದಿನ ಹುಳು ಇನ್ನೂ ಕೂತಿದೆ ಅಂತ ಡೋಸ್ ಜಾಸ್ತಿ ಮಾಡುವವರೇ ಗಿಡ ಸುಡುವುದು. ವಾರಕ್ಕೊಮ್ಮೆ ಮೂರು ಸಲ ಹೊಡೆದ ಮೇಲೆ ಹೊಸ ಕುಡಿ ನೆಟ್ಟಗೆ ಬಂತು. ಮುದುಡಿದ ಹಳೇ ಎಲೆ ಹಾಗೇ ಇತ್ತು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಸೋಪು, ಹೊಂಗೆ ಸೋಪು ಅಂತ ಮಾಡಿದ್ದಾರೆ. ಅದನ್ನು ತುರಿದು ನೀರಿಗೆ ಹಾಕಿದರೆ ಈ ಕಡೆಯುವ ರಗಳೆಯೇ ಇಲ್ಲ. ಅದು ಕೈಗೆ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಂಟುವಾಳವನ್ನು ಅವತ್ತೇ ಬಿಟ್ಟೆ.

ಬದನೆಯಲ್ಲಿ ಬಂದದ್ದು ಕುಡಿ ಕೊರಕ. ನೀರು ಹಾಕಿದ್ದರೂ ಒಂದೇ ಒಂದು ಕುಡಿ ಬಾಡಿ ತಲೆ ಬಗ್ಗಿಸಿದರೆ ಅದೇ. ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ ಉಗುರಲ್ಲಿ ಸೀಳಿದೆ, ಒಳಗೆ ನಸುಗೆಂಪು ಹುಳು ಬೆಚ್ಚಗೆ ಕೂತಿತ್ತು. ಕತ್ತರಿಸುವುದೇ ಮದ್ದು. ಒಳಗೆ ಕೂತವನಿಗೆ ಸಿಂಪಡಣೆ ತಾಗುವುದಿಲ್ಲ.

ಟೊಮೆಟೊ ಪಕ್ಕ ಚೆಂಡುಹೂವು ಇಟ್ಟರೆ ವಾಸನೆಗೆ ಹುಳು ಓಡಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಕಾಯಿ ಕೊರಕದ ವಿಷಯದಲ್ಲಿ ಉಲ್ಟಾ. ಅದರ ಪತಂಗಕ್ಕೆ ಚೆಂಡುಹೂವಿನ ಮೊಗ್ಗು ಇಷ್ಟ, ಟೊಮೆಟೊ ಬಿಟ್ಟು ಅಲ್ಲಿ ಮೊಟ್ಟೆ ಇಡುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಹೂ ಬಿಡಬೇಕು. ಹೊಲದಲ್ಲಿ 25 ದಿನದ ಟೊಮೆಟೊ ಸಸಿಯ ಜೊತೆ 40 ದಿನದ ಚೆಂಡುಹೂ ಸಸಿ ನೆಡುವುದು, 16 ಸಾಲಿಗೆ ಒಂದು ಸಾಲು. ನಾನು ಎರಡರ ಬೀಜವನ್ನೂ ಒಂದೇ ದಿನ ಹಾಕಿದ್ದೆ. ಚೆಂಡುಹೂವು ತಡವಾಗಿ ಅರಳಿ ಗೌರಿಹಬ್ಬಕ್ಕೆ ಉಪಯೋಗಕ್ಕೆ ಬಂತು.

ಬಿಳಿ ಹಿಟ್ಟು

ಇದು ಬರೆಯಲು ನಾಚಿಕೆ. ಬದನೆ ಚೀಲದ ಪಕ್ಕದಲ್ಲಿ ದಾಸವಾಳದ ಕುಂಡ ಇದೆ. ಜುಲೈ ಕೊನೆಗೆ ಅದರ ಕುಡಿಗೆಲ್ಲ ಹತ್ತಿ ಮೆತ್ತಿದ ಹಾಗೆ ಹಿಟ್ಟು ತಿಗಣೆ. ಹಳೇ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು ಹಿಡಿದು ಕೂತೆ. ಅದರಲ್ಲಿ ಕೆಲವು ಮಾತ್ರ ತುಂಬ ದೊಡ್ಡವು, ಮೈತುಂಬ ಉದ್ದುದ್ದ ಬಿಳಿ ಎಳೆ. ಇವೇ ಅಮ್ಮಂದಿರು ಅಂದುಕೊಂಡು ಹುಡುಕಿ ಹುಡುಕಿ ಉಜ್ಜಿದೆ. ಹನ್ನೆರಡೋ ಹದಿಮೂರೋ ಸಿಕ್ಕವು.

ಮಾರನೇ ದಿನ ಇನ್ನೊಂದು ಸಿಕ್ಕಿತು. ಬ್ರಷ್ ಹತ್ತಿರ ತಂದರೆ ಸರಸರ ಓಡಿತು. ಹಿಟ್ಟು ತಿಗಣೆ ಹೀಗೆ ಓಡುವುದಿಲ್ಲವಲ್ಲ? ಮಗಳ ಭೂತಗನ್ನಡಿ ಇಟ್ಟು ನೋಡಿದೆ. ಅದು ಒಂದು ಪುಟ್ಟ ತಿಗಣೆಯನ್ನು ಹಿಡಿದುಕೊಂಡು ತಿನ್ನುತ್ತಿತ್ತು. ನಾನು ಉಜ್ಜಿ ಹಾಕಿದ್ದು ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿಗಳನ್ನು. ಕ್ರಿಪ್ಟೊಲೀಮಸ್ ಅಂತ ಅದರ ಹೆಸರು. ಮರಿ ತಾನು ತಿನ್ನುವ ತಿಗಣೆಯ ವೇಷವನ್ನೇ ಹಾಕಿಕೊಂಡಿರುತ್ತದೆ. ದೊಡ್ಡದಾದ ಮೇಲೆ ಕಪ್ಪು ಬೆನ್ನು, ಕಿತ್ತಳೆ ತಲೆ. ಆಸ್ಟ್ರೇಲಿಯಾದ್ದು. 1898ರಲ್ಲಿ ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕ ಕೀಟಕ್ಕೆ ಅಂತ ದಕ್ಷಿಣ ಭಾರತಕ್ಕೆ ತಂದಿದ್ದರು. ಆಮೇಲೆ ಇಲ್ಲೇ ಊರಿತು.

ಅತ್ತೆಗೆ ಹೇಳಿದಾಗ ಅವರಿಗೆ ಬೇರೆಯೇ ನೆನಪಾಯಿತು. ಅವರ ತಮ್ಮ ತಿ. ನರಸೀಪುರದ ಕಡೆ ರೇಷ್ಮೆ ಮಾಡುತ್ತಿದ್ದರು. ಒಂದು ವರ್ಷ ಹಿಪ್ಪುನೇರಳೆ ತೋಟವೇ ಬೆಳ್ಳಗಾಗಿ, ಹುಳುವಿಗೆ ಸೊಪ್ಪಿಲ್ಲದೆ ಚಂದ್ರಿಕೆ (ರೇಷ್ಮೆ ಹುಳು ಗೂಡು ಕಟ್ಟುವ ತಟ್ಟೆ) ಖಾಲಿ ಬಿದ್ದಿತ್ತಂತೆ. ಅದು ಪಪ್ಪಾಯ ಹಿಟ್ಟು ತಿಗಣೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡದ್ದು, ಹೊರದೇಶದಿಂದ ಬಂದದ್ದು. ಎಷ್ಟು ಔಷಧಿ ಹೊಡೆದರೂ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ಚುಕ್ಕಿಯಷ್ಟು ಸಣ್ಣ ಕಣಜ ತರಿಸಿ ಬಿಟ್ಟ ಮೇಲೆ ತಣ್ಣಗಾಯಿತು. "ಔಸ್ತಿ ಹೊಡೆದೋರೆಲ್ಲ ಸೋತ್ರು ಕಣಮ್ಮ, ಕೊನೆಗೆ ಗೆದ್ದದ್ದು ನೊಣ" ಅನ್ನುತ್ತಾರೆ ಅತ್ತೆ. ಕಣಜ ಅಂತ ತಿದ್ದಲು ಹೋಗಲಿಲ್ಲ.

ಉಳಿದ ಒಂದೇ ಒಂದು ಗುಲಗಂಜಿ ಮರಿಯನ್ನು ದಾಸವಾಳದ ಮೇಲೆ ಬಿಟ್ಟು, ಬ್ರಷ್ ಒಳಗಿಟ್ಟೆ. ಮಾಡಿದ್ದು ಇರುವೆ ತಡೆಯುವುದು ಮಾತ್ರ. ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಆ ಸಿಹಿಗಾಗಿ ತಿಗಣೆಗೆ ಕಾವಲು ನಿಲ್ಲುತ್ತದೆ. ಕುಂಡವನ್ನು ಹಳೇ ಸ್ಟೂಲಿನ ಮೇಲಿಟ್ಟು, ನಾಲ್ಕು ಕಾಲಿಗೂ ತೆಂಗಿನ ಚಿಪ್ಪಿನಲ್ಲಿ ನೀರು ಕೊಟ್ಟೆ. ನೀರಿಗೆ ಎರಡು ಹನಿ ಎಣ್ಣೆ, ಸೊಳ್ಳೆ ಆಗದ ಹಾಗೆ. ಗೋಡೆಗೆ ತಾಗಿದ್ದ ಒಂದು ಕೊಂಬೆ ಕತ್ತರಿಸಿದೆ, ಇಲ್ಲದಿದ್ದರೆ ಅದೇ ಸೇತುವೆ. ಗಣೇಶನ ಹಬ್ಬಕ್ಕೆ ದಾಸವಾಳ ಹೂ ಬಿಟ್ಟಿತು.

ಅಲಸಂದೆಗೆ ಹೇನು ಬಂದಾಗ ಅತ್ತೆ ಬೂದಿ ಕೇಳಿದರು. ಸೌದೆ ಒಲೆ ಹೋಗಿ ಯಾವ ಕಾಲವಾಯಿತು. ಬೀದಿ ಕೊನೆಯ ಇಸ್ತ್ರಿ ಗಾಡಿಯಿಂದ ಇದ್ದಿಲ ಬೂದಿ ತಂದು, ಬೆಳಗಿನ ಇಬ್ಬನಿ ಇರುವಾಗಲೇ ಜರಡಿ ಹಿಡಿದು ಉದುರಿಸಿದರು. ಕೆಲಸ ಮಾಡಿತು, ಮಳೆ ಬರುವ ತನಕ. ಅಂದರೆ ಒಂದೂವರೆ ದಿನ. ಹೊಗೆಸೊಪ್ಪಿನ ಕಷಾಯದ ಸಲಹೆಯೂ ಬಂತು. ಅದಕ್ಕೆ ನಾನು ಒಪ್ಪಲಿಲ್ಲ. ನಿಕೋಟಿನ್ ನಮಗೂ ವಿಷವೇ, ತಿನ್ನುವ ಸೊಪ್ಪಿನ ಪಕ್ಕ ಅದು ಬೇಡ.

ಮತ್ತೆ ಹಾಗಲ

ಹಾಗಲದೊಳಗಿದ್ದ ಹುಳು ಹಣ್ಣು ನೊಣದ ಮರಿ. ಹುಳುಕು ಕಾಯಿ ಬಂದ ವಾರವೇ ಹಣ್ಣು ನೊಣದ ಮೋಹಕ ಬಲೆ ತಂದೆ, ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವಂಥದ್ದು. ಅಂಗಡಿಯಲ್ಲಿ "ಹಣ್ಣು ನೊಣಕ್ಕೆ" ಅಂತ ಕೇಳಿದ್ದೆ, ಕೊಟ್ಟರು. ಚಪ್ಪರಕ್ಕೆ ತೂಗುಹಾಕಿದೆ. ಹತ್ತು ದಿನದಲ್ಲಿ ಡಬ್ಬದ ತಳ ತುಂಬಿತು. ಅರವತ್ತಕ್ಕೂ ಜಾಸ್ತಿ ನೊಣ. ಮನೆಯವರಿಗೆಲ್ಲ ಕರೆದು ತೋರಿಸಿದೆ. ಅದೇ ಹತ್ತು ದಿನದಲ್ಲಿ ಒಂಬತ್ತು ಹಾಗಲಕಾಯಿ ಹಳದಿ ತಿರುಗಿ, ಸೊಟ್ಟಗಾಗಿ ಉದುರಿದವು.

ಮಘೆ ಮಳೆ ಬಿಟ್ಟಿದ್ದ ಒಂದು ಬೆಳಿಗ್ಗೆ, ಏಳು ಗಂಟೆ. ಬೆರಳುದ್ದದ ಹಾಗಲ ಮಿಡಿಯ ಮೇಲೆ ಒಂದು ನೊಣ ಕೂತಿತ್ತು. ಕಣಜದ ಹಾಗೆ ಸೊಂಟ, ಕೆಂಪು ಮಿಶ್ರಿತ ಕಂದು ಬಣ್ಣ, ರೆಕ್ಕೆಯ ತುದಿಯಲ್ಲಿ ಕಂದು ಮಚ್ಚೆ. ಹಿಂಭಾಗವನ್ನು ಬಗ್ಗಿಸಿ ಸೂಜಿಯಂಥದ್ದನ್ನು ಮಿಡಿಗೆ ಚುಚ್ಚಿ, ಅರ್ಧ ನಿಮಿಷ ಅಲ್ಲಾಡದೆ ನಿಂತಿತು. ಹಾರಿಹೋದ ಮೇಲೆ ಆ ಜಾಗದಲ್ಲಿ ಎಣ್ಣೆ ಹನಿಯಂಥ ಅಂಟು ಒಸರಿತು. ನಾನು ಬಲೆ ಇಳಿಸಿ ಒಳಗಿದ್ದವನ್ನು ಕಾಗದದ ಮೇಲೆ ಸುರಿದೆ. ಅವುಗಳ ಬೆನ್ನು ಕಪ್ಪು. ರೆಕ್ಕೆಯಲ್ಲಿ ಮಚ್ಚೆ ಇಲ್ಲ, ಅಂಚಿಗೆ ತೆಳ್ಳನೆ ಗೆರೆ ಅಷ್ಟೇ.

ಎರಡೂ ಬೇರೆ ಬೇರೆ ನೊಣ! ನಾನು ಹಿಡಿದದ್ದು ಮಾವು, ಸೀಬೆಯ ಹಣ್ಣು ನೊಣ. ಅದಕ್ಕೆ ಬೇಕಾದ ವಾಸನೆ ಮೀಥೈಲ್ ಯುಜಿನಾಲ್. ತುಳಸಿ ಎಲೆಯಲ್ಲೂ ಅದು ಇದೆ, ಹಿಂದೆ ತುಳಸಿ ಜಜ್ಜಿ ಇಟ್ಟೇ ಈ ನೊಣ ಹಿಡಿಯುತ್ತಿದ್ದರು. ಹಾಗಲ, ಹೀರೆ, ಸೋರೆ, ಸೌತೆಗೆ ಬರುವ ನೊಣಕ್ಕೆ ಈ ವಾಸನೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಬೇಕಾದ್ದು ಕ್ಯೂ ಲೂರ್ ಅನ್ನುವ ಬೇರೆ ವಾಸನೆ. ಹಿಂದಿನ ಬೀದಿಯ ಸೀಬೆಮರದವರಿಗೆ ನಾನು ಪುಕ್ಕಟೆ ಸೇವೆ ಮಾಡಿದ್ದೆ.

ಅಂಗಡಿಯವರನ್ನು ಬಯ್ಯುವ ಹಾಗೂ ಇರಲಿಲ್ಲ. ಯಾವ ಬೆಳೆಗೆ ಅಂತ ನಾನು ಹೇಳಿಯೇ ಇರಲಿಲ್ಲ.

ಹೊಸ ಬಲೆ ಮನೆಯಲ್ಲೇ ಮಾಡಿದೆ. ಕ್ಯೂ ಲೂರ್ ಬಿಲ್ಲೆ ಮಾತ್ರ ಕೊಂಡದ್ದು. ಒಂದು ಲೀಟರ್ ನೀರಿನ ಬಾಟಲಿಯ ಮೇಲ್ಭಾಗದಲ್ಲಿ ಎದುರುಬದಿರಾಗಿ ಎರಡು ತೂತು, ಎರಡು ಸೆಂಟಿಮೀಟರ್ ಅಗಲ, ಕಾದ ಮೊಳೆಯಲ್ಲಿ. ಬಿಲ್ಲೆಯನ್ನು ತಂತಿಗೆ ಕಟ್ಟಿ ಮುಚ್ಚಳದಿಂದ ಒಳಕ್ಕೆ ಇಳಿಬಿಟ್ಟು, ತೂತಿನ ಮಟ್ಟಕ್ಕೆ ನಿಲ್ಲಿಸಿದೆ. ತಳದಲ್ಲಿ ಎರಡು ಬೆರಳು ಸೋಪಿನ ನೀರು. ತೂತಿನ ಮೇಲೆ ಇನ್ನೊಂದು ಬಾಟಲಿಯ ತುಂಡಿನಿಂದ ಮಳೆಗೆ ಸೂರು. ಐದು ಅಡಿ ಎತ್ತರ, ಚಪ್ಪರದ ನೆರಳಲ್ಲಿ. ಮೊದಲ ದಿನವೇ ನಾಲ್ಕು ಬಿದ್ದವು, ನಾಲ್ಕಕ್ಕೂ ರೆಕ್ಕೆಯಲ್ಲಿ ಮಚ್ಚೆ.

ಆದರೆ ಈ ಬಲೆಗೆ ಬೀಳುವುದು ಗಂಡು ಮಾತ್ರ. ಚುಚ್ಚುವುದು ಹೆಣ್ಣು. ಎಕರೆಗಟ್ಟಲೆ ತೋಟದಲ್ಲಿ ಗಂಡು ಕಡಿಮೆ ಮಾಡಿದರೆ ಸಂತತಿ ಕಡಿಮೆಯಾದೀತು, ನನ್ನ ಒಂದು ಚಪ್ಪರಕ್ಕೆ ಪಕ್ಕದ ಓಣಿಯಿಂದ ಬಸುರಿ ನೊಣ ಬಂದರೆ ತಡೆಯುವವರು ಯಾರು? ಹಾಗಾಗಿ ಕಾಯಿಗೇ ಚೀಲ ಕಟ್ಟಬೇಕು.

ಪೇಪರ್ ಚೀಲ ಮೊದಲು. ಹುಬ್ಬೆ ಮಳೆ ಒಂದೇ ರಾತ್ರಿಯಲ್ಲಿ ಅದನ್ನು ಅಂಬಲಿ ಮಾಡಿತು. ಪ್ಲಾಸ್ಟಿಕ್ ಕವರ್ ಹಾಕಿದ್ದರಲ್ಲಿ ಬೆವರು ನಿಂತು ಕಾಯಿ ಕೊಳೆಯಿತು. ಆಮೇಲೆ ನಮ್ಮವರ ಹರಿದ ಪಂಚೆ ಸಿಕ್ಕಿತು. ತೆಳು ಹತ್ತಿ, ಗಾಳಿ ಆಡುತ್ತದೆ, ಒದ್ದೆಯಾದರೂ ಒಣಗುತ್ತದೆ. 14 ಇಂಚು ಉದ್ದ, 6 ಇಂಚು ಅಗಲ, ಮೇಲೆ ಲಾಡಿ. ಅತ್ತೆ ಹೊಲಿಗೆ ಮಿಷನ್ನಿನಲ್ಲಿ ಒಂದು ಮಧ್ಯಾಹ್ನ 18 ಹೊಲಿದುಕೊಟ್ಟರು. "ಮೊಮ್ಮಗಳಿಗೆ ಹುಟ್ಟಿದಾಗ ಇಷ್ಟು ಅಂಗಿ ಹೊಲಿದಿರಲಿಲ್ಲ" ಅಂದರು.

ಕಟ್ಟುವ ಸಮಯ ಮುಖ್ಯ. ಹಾಗಲದ ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಬೆಳಿಗ್ಗೆ ಹೂ ಅರಳಿದಾಗ ಜೇನ್ನೊಣ ಬರಲಿ, ಬಾರದಿದ್ದರೆ ಗಂಡು ಹೂ ಕಿತ್ತು ನಾವೇ ಸವರಬೇಕು. ಹೂ ಬಾಡಿದ ಎರಡನೇ ದಿನ ಚೀಲ. ನಾಲ್ಕನೇ ದಿನಕ್ಕೆ ಹೋದರೆ ನೊಣ ಬಂದು ಹೋಗಿರುತ್ತದೆ, ಒಳಗೆ ಹುಳು ಇಟ್ಟು ಹೊರಗೆ ಅಂಗಿ ತೊಡಿಸಿದ ಹಾಗೆ. ಪಾಲಕ್‌ನಲ್ಲಿ ಒಂದು ಸಲ ಆ ಪಾಠ ಆಗಿತ್ತಲ್ಲ.

ಮತ್ತೆ ಆ ಕಾಂಪೋಸ್ಟ್ ಡಬ್ಬ. ಈ ನೊಣದ ಮರಿ ಕಾಯಿಯೊಳಗೆ ಬೆಳೆದು, ಮಣ್ಣಿಗೆ ಬಿದ್ದು ಕೋಶವಾಗಿ, ನೊಣವಾಗಿ ಎದ್ದು ಬರುತ್ತದೆ. ಹುಳುಕು ಕಾಯಿಯನ್ನೆಲ್ಲ ನಾನು ಚಪ್ಪರದಿಂದ ಹತ್ತು ಅಡಿ ದೂರದ ಮೆತ್ತನೆ ಗೊಬ್ಬರದಲ್ಲಿ ಹಾಕಿ ಸಾಕುತ್ತಿದ್ದೆ. ಆಮೇಲಿಂದ ಹುಳುಕು ಕಾಯಿ, ಉದುರಿದ ಮಿಡಿ ಏನಿದ್ದರೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಸೋಲಾರ್ ಪಕ್ಕದ ಬಿಸಿಲಲ್ಲಿ ಒಂದು ವಾರ. ಚಪ್ಪರದ ಕೆಳಗಿನ ಚೀಲಗಳ ಮೇಲ್ಮಣ್ಣನ್ನು ವಾರಕ್ಕೊಮ್ಮೆ ಎರಡು ಇಂಚು ಕೆದಕಿ ಬಿಸಿಲಿಗೆ ತೋರಿಸುತ್ತೇನೆ.

ಲೆಕ್ಕ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿದೆ. ಸ್ವಾತಿ ಮಳೆ ತನಕ ಅಂಗಿ ತೊಡಿಸಿದ್ದು 34 ಕಾಯಿ, ಕೆಟ್ಟದ್ದು ಮೂರು. ಅದರಲ್ಲಿ ಎರಡಕ್ಕೆ ಕಾಯಿ ದಪ್ಪಗಾಗಿ ಬಟ್ಟೆ ಮೈಗೆ ಅಂಟಿತ್ತು, ನೊಣ ಬಟ್ಟೆಯ ಮೇಲಿಂದಲೇ ಚುಚ್ಚಿದೆ. ಮುಂದಿನ ಚೀಲ 7 ಇಂಚು ಅಗಲ ಮಾಡಬೇಕು. ಅಂಗಿ ತೊಡಿಸದೆ ಬಿಟ್ಟ 11ರಲ್ಲಿ ಸಿಕ್ಕಿದ್ದು ಎರಡೇ.

ಕರಿಬೇವಿನ ಕಥೆ ಮಗಳದ್ದು. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂತ ನೀರು ಹೊಡೆಯಲು ಹೋದರೆ ಅದು ತೆವಳಿತು. ನಿಂಬೆ ಚಿಟ್ಟೆಯ ಮರಿ. ಚಿಕ್ಕದಿರುವಾಗ ಹಿಕ್ಕೆಯ ವೇಷ, ದೊಡ್ಡದಾದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿಂದ ಕವಲೊಡೆದ ಕೆಂಪು ಕೊಂಬು ಚಾಚಿ ವಾಸನೆ ಬಿಡುತ್ತದೆ. ಗಿಡ ಎದೆಯೆತ್ತರ ಇದೆ, ಬಲ ಬದಿಯ ಎರಡು ಕೊಂಬೆ ಅವಕ್ಕೆ, ಉಳಿದದ್ದು ಒಗ್ಗರಣೆಗೆ ಅಂತ ಒಪ್ಪಂದ. ಎಡಕ್ಕೆ ಬಂದ ಮರಿಗಳನ್ನು ಅವಳು ಕಡ್ಡಿಯಲ್ಲಿ ಎತ್ತಿ ಬಲಕ್ಕೆ ಬಿಡುತ್ತಾಳೆ. ನಾನು ಎಡದಿಂದ ಮಾತ್ರ ಕೀಳಬೇಕು. ಮೊನ್ನೆ ಚಿತ್ರಾನ್ನಕ್ಕೆ ಅವಸರದಲ್ಲಿ ಬಲದಿಂದ ಒಂದು ಎಸಳು ಕಿತ್ತದ್ದಕ್ಕೆ ಸಂಜೆ ವಿಚಾರಣೆ ಆಯಿತು.

ಈಗ ಅವರೆ ಹಾಕಿದ್ದೇನೆ. ಕುಡಿಯಲ್ಲಿ ಕಪ್ಪು ಹೇನು ಆಗಲೇ ಶುರು. ನಿನ್ನೆ ಸಂಜೆ ಅತ್ತೆ ಕೆಳಗಿಂದಲೇ ಕೂಗಿದರು, "ಇಲ್ಲಿ ಒಂದು ಕೆಂಪುದು ಕೂತಿದೆ, ಮೈಮೇಲೆ ಕಪ್ಪು ಚುಕ್ಕಿ. ಇದು ಕೊಲ್ಲೋದಾ, ಬಿಡೋದಾ?" ಅವರ ಸೆರಗಿನ ಮೇಲೆ ಒಂದು ಗುಲಗಂಜಿ ಹುಳು. ಬೆರಳ ಮೇಲೆ ಹತ್ತಿಸಿಕೊಂಡು ಮೇಲೆ ತಂದು ಅವರೆಗೆ ಬಿಟ್ಟೆ. ಕ್ಯೂ ಲೂರ್ ಬಿಲ್ಲೆ ಬದಲಿಸುವ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ಎರಡನೇ ಪೈಪಿನ ಪೆಟ್ಟಿಗೆಗೆ ಇನ್ನೂ ಆರು ಟೀ ತರಬೇಕು.